ಆರ್ಕಿಡ್ ಮ್ಯಾಂಟಿಸ್ ಮೊಟ್ಟೆಗೂಡು ಅಂತ ಮಾರುತ್ತಿದ್ದಾರೆ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಮುಂಬೈಯಲ್ಲಿ, ಕೈ ಮುಗಿದ ಹಾಗೆ ಮುಂಗಾಲು ಮಡಚಿ ಕೂರುವ ಹುಳು ಇದೆಯಲ್ಲ, ಆ ಪ್ರೇಯಿಂಗ್ ಮ್ಯಾಂಟಿಸ್‌ನ ಮೊಟ್ಟೆಗೂಡು ಮಾರುವವನೊಬ್ಬ ಇದ್ದಾನೆ. ಹೆಸರು ಹಾಕುವುದಿಲ್ಲ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ. "ಅಣ್ಣ, ನಮ್ದೂ ಕುಂದಾಪುರದ ಹತ್ರಾನೇ" ಅಂತಾನೆ, ಆಮೇಲೆ ಚೌಕಾಸಿ ಮಾಡಲು ನಮಗೇ ಸಂಕೋಚ. ನನ್ನ ಅಕ್ಕನ ಮಗಳಿಗೆ ಹುಳುಗಳ ಹುಚ್ಚು ಜಾಸ್ತಿ, ಅವಳಿಗೋಸ್ಕರ ಮುಲುಂಡಿನ ನಮ್ಮ ಮನೆಗೆ ಎರಡು ಗೂಡು ತರಿಸಿದೆ. ಹೂವಿನ ಹಾಗೆ ಕಾಣುವ ಆರ್ಕಿಡ್ ಮ್ಯಾಂಟಿಸ್, ಮನೆಯಲ್ಲೇ ಬೆಳೆಸಿದ ಜೋಡಿಯದು, ಮರಿ ಸಾಕುವ ಡಬ್ಬಿ ಸಮೇತ ಪೂರ್ತಿ ಸೆಟ್ ಅಂದ. ಮೂರೂ ಸುಳ್ಳು.

ಮೊದಲ ಗೂಡಿನಿಂದ ಒಂದು ಮ್ಯಾಂಟಿಸ್ ಕೂಡ ಬರಲಿಲ್ಲ. ಬಂದಿದ್ದು ಸಣ್ಣ ಸಣ್ಣ ಕಣಜಗಳು, ಕೆಲವಕ್ಕೆ ಹಿಂದೆ ಮೈಗಿಂತ ಉದ್ದದ ಸೂಜಿ. ಪೊಡಾಗ್ರಿಯನ್ ಅನ್ನುವ ಪರಾವಲಂಬಿ ಕಣಜ ಇವು. ಆ ಸೂಜಿಯನ್ನು ಗೂಡಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತವೆ, ಕಣಜದ ಮರಿ ಮ್ಯಾಂಟಿಸ್ ಮೊಟ್ಟೆಯನ್ನೇ ತಿಂದು ಬೆಳೆಯುತ್ತದೆ. ಮುಚ್ಚಿದ ಬಲೆಯೊಳಗೆ ಸಾಕಿದ ಮ್ಯಾಂಟಿಸ್‌ನ ಗೂಡಿಗೆ ಇವು ಹೇಗೆ ಬರುತ್ತವೆ ಹೇಳಿ? ಎಲ್ಲೋ ಬೇಲಿಯಿಂದ ಕಿತ್ತು ತಂದಿದ್ದು ಅಂತ ಅಲ್ಲಿಗೇ ಗೊತ್ತಾಯಿತು. ಮುಲುಂಡ್, ಬೊರಿವಲಿ ಕಡೆ ನ್ಯಾಷನಲ್ ಪಾರ್ಕ್ ಪಕ್ಕದಲ್ಲೇ ಇದೆ. ಅದರೊಳಗಿಂದ ಪರವಾನಗಿ ಇಲ್ಲದೆ ಹುಳು ತೆಗೆದು ತರುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಇವನು ಎಲ್ಲಿಂದ ತಂದ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕೊಳ್ಳುವಾಗ ಹತ್ತಿರದಿಂದ ತೆಗೆದ ಫೋಟೋ ಕೇಳಿ. ಗೂಡಿನ ಮೇಲೆ ದುಂಡನೆಯ ಸಣ್ಣ ತೂತುಗಳಿದ್ದರೆ ಕಣಜ ಆಗಲೇ ಹೊರಬಿದ್ದಿದೆ ಅಂತ ಅರ್ಥ. ತೂತಿಲ್ಲ ಅಂದಮಾತ್ರಕ್ಕೆ ಒಳಗೆ ಕಣಜ ಇಲ್ಲ ಅಂತಲೂ ಅಲ್ಲ, ಅದು ಬೇರೆ ಮಾತು.

ಎರಡನೆಯದು ಒಂದು ಬೆಳಿಗ್ಗೆ ಒಡೆಯಿತು. ಅದನ್ನು ನೋಡುವುದೇ ಚೆಂದ. ಶ್ಯಾವಿಗೆ ಒತ್ತಿದ ಹಾಗೆ ಒಂದರ ಹಿಂದೆ ಒಂದು ಇಳಿದು, ನೂಲಿನಲ್ಲಿ ನೇತಾಡಿ, ಮೊದಲ ಪೊರೆ ಅಲ್ಲೇ ಕಳಚಿ, ಸ್ವಲ್ಪ ಹೊತ್ತಿಗೆಲ್ಲ ಕಾಲು ಬಿಚ್ಚಿ ಓಡಾಡಲು ಶುರು. ಒಂದು ಗೂಡಿನಿಂದ ನೂರು, ಇನ್ನೂರು ಬಂದರೂ ಆಶ್ಚರ್ಯ ಇಲ್ಲ. ಆದರೆ ಬಣ್ಣ ತೆಳು ಕಂದು. ಆರ್ಕಿಡ್ ಮ್ಯಾಂಟಿಸ್ ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಕಾಡಿನದು, ಅದರ ಮರಿ ಹುಟ್ಟುವಾಗ ಕೆಂಪು-ಕಪ್ಪು ಇರುತ್ತದೆ. ಬಿಳಿ, ಗುಲಾಬಿ ಎಲ್ಲ ಆಮೇಲೆ. ಗೂಡೂ ಉದ್ದಕ್ಕೆ ಇರುತ್ತದೆ. ನಮಗೆ ಬಂದಿದ್ದು ನೊರೆ ಗಟ್ಟಿಯಾದಂತಹ ದಪ್ಪ ಉಂಡೆ, ಅಂದರೆ ಹೈರೋಡ್ಯುಲಾ, ಇಲ್ಲಿಯ ಗಿಡಗಳಲ್ಲಿ ಪುಕ್ಕಟೆ ಸಿಗುವ ದೊಡ್ಡ ಹಸಿರು ಮ್ಯಾಂಟಿಸ್.

ಹೋಗಲಿ, ಮರಿ ಮರಿಯೇ ಅಲ್ವಾ. ನಿಜವಾದ ಅನಾಹುತ ಆ ಡಬ್ಬಿಯದು. ಹೋಟೆಲ್ ಪಾರ್ಸೆಲ್‌ನ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಕಾಯಿಸಿದ ಮೊಳೆಯಲ್ಲಿ ತೂತು. ಆ ತೂತಿನಿಂದ ಮರಿಗಳು ಆರಾಮಾಗಿ ಹೊರಗೆ ಬಂದವು. ಕರ್ಟನ್ ಮೇಲೆ, ದೇವರ ಫೋಟೋ ಮೇಲೆ, ಎಲ್ಲ ಕಡೆ. ಒಳಗೆ ಉಳಿದವು ಒಂದನ್ನೊಂದು ತಿನ್ನಲು ಶುರು ಮಾಡಿದವು. ಫೋನ್ ಮಾಡಿದರೆ "ಎಲ್ಲ ಒಟ್ಟಿಗೇ ಇಡಿ ಅಣ್ಣ, ಏನೂ ಆಗಲ್ಲ, ಸಕ್ಕರೆ ನೀರು ಕೊಡಿ" ಅಂದ! ಇವು ಜೀವಂತ ಬೇಟೆ ಹಿಡಿದು ತಿನ್ನುವ ಜಾತಿ. ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣ ಬೇಕು. ಆ ನೊಣ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು 10 ದಿನ ತಗೊಳ್ಳುತ್ತದೆ, ಹಾಗಾಗಿ ಮರಿ ಬರುವ ಮುಂಚೆಯೇ ಕಳಿತ ಹಣ್ಣು ಹಾಕಿದ ಬಾಟಲಿಯಲ್ಲಿ ನೊಣ ತಯಾರಿರಬೇಕು. ಬಾಟಲಿಯನ್ನು ಒಂದೆರಡು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣ ಮಂಕಾಗುತ್ತದೆ, ಹಾಕುವುದು ಸುಲಭ.

ಇನ್ನೊಂದು ಉಪದೇಶ ಕೇಳಿ. ಇರುವೆ ಬಂದಾವು, ಡಬ್ಬಿ ಸುತ್ತ ಇರುವೆ ಚಾಕ್ ಎಳೆಯಿರಿ ಅಂದ. ಇರುವೆ ಸಾಯುವ ವಿಷಕ್ಕೆ ಅಕ್ಕಿಕಾಳಿನಷ್ಟೂ ಇಲ್ಲದ ಮ್ಯಾಂಟಿಸ್ ಮರಿ ಉಳಿಯುತ್ತದಾ? ಚಾಕ್ ದಾಟಿದ ಮರಿಗಳೆಲ್ಲ ಕಾಲು ನಡುಗಿಸುತ್ತಾ ಬಿದ್ದವು. ಅಕ್ಕನ ಮಗಳು ಆ ದಿನ ಊಟ ಮಾಡಲಿಲ್ಲ. ಸೊಳ್ಳೆ ಕಾಯಿಲ್, ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಕೂಡ ಆ ಕೋಣೆಯಲ್ಲಿ ಬೇಡ, ಮಳೆಗಾಲದಲ್ಲಿ ಸೊಸೈಟಿಗೆ, ಅಂದರೆ ಫ್ಲ್ಯಾಟುಗಳ ಆವರಣಕ್ಕೆ, ಸೊಳ್ಳೆಗೆ ಹೊಗೆ ಹೊಡೆಯಲು ಬಂದರೆ ಕಿಟಕಿ ಹಾಕಿಬಿಡಿ. ಇರುವೆಗೆ ಅಜ್ಜಿಯರ ಕಾಲದ ಉಪಾಯವೇ ಸಾಕು: ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲು ಬೋರಲು ಹಾಕಿ ಅದರ ಮೇಲೆ ಡಬ್ಬಿ ಇಡುವುದು.

ಉಳಿದ ಕೆಲವನ್ನು ಒಂದೊಂದಾಗಿ ಬೇರೆ ಬೇರೆ ಪ್ಲಾಸ್ಟಿಕ್ ಗ್ಲಾಸಿಗೆ ಹಾಕಿ, ಬಾಯಿಗೆ ಹಳೆಯ ತೆಳು ಕಾಟನ್ ಬಟ್ಟೆ ಕಟ್ಟಿದೆವು. ಬಟ್ಟೆ ಸುಮ್ನೆ ಗಾಳಿಗೆ ಅಷ್ಟೇ ಅಲ್ಲ. ಮ್ಯಾಂಟಿಸ್ ಪೊರೆ ಬಿಡುವುದು ತಲೆಕೆಳಗಾಗಿ ನೇತಾಡಿಕೊಂಡು. ನುಣ್ಣನೆಯ ಪ್ಲಾಸ್ಟಿಕ್ ಮುಚ್ಚಳದಿಂದ ಜಾರಿ ಬಿದ್ದರೆ ಮೈ ಸೊಟ್ಟಗಾಗಿ ಹೋಗುತ್ತದೆ. ಕೆಳಗೆ ಮೈ ಉದ್ದದ ಮೂರು ಪಟ್ಟಾದರೂ ಖಾಲಿ ಜಾಗ ಇರಬೇಕು. ನೀರನ್ನು ಬಟ್ಟೆಯ ಮೇಲೆ ತೀರಾ ಸಣ್ಣದಾಗಿ ಸ್ಪ್ರೇ ಮಾಡಿ. ದೊಡ್ಡ ಹನಿಗೆ ಸಿಕ್ಕಿಕೊಂಡರೆ ಮರಿ ಬಿಡಿಸಿಕೊಳ್ಳಲಾರದು. ಮುಂಬೈ ಮಳೆಗಾಲದಲ್ಲಂತೂ ನೀರಿಗಿಂತ ಬೂಷ್ಟಿನದೇ ತಲೆನೋವು, ಸತ್ತ ನೊಣವನ್ನು ದಿನಾ ತೆಗೆದುಹಾಕಿ.

ಸಾಕಲು ಆಗದಷ್ಟನ್ನು ಸೊಸೈಟಿ ತೋಟದ ಪೊದೆಗಳಲ್ಲಿ ಚದುರಿಸಿ ಬಿಟ್ಟೆವು. ಇಲ್ಲಿನದೇ ಜಾತಿಯಾದ್ದರಿಂದ ಬಿಟ್ಟೆವು. ನಿಜವಾಗಿಯೂ ಹೊರದೇಶದ್ದಾಗಿದ್ದರೆ ಬಿಡಬಾರದು.

ದುಡ್ಡು ವಾಪಸ್ ಕೇಳಿದೆ. "ಒಂದು ಗೂಡಿಂದ ಮರಿ ಬಂತಲ್ಲ ಅಣ್ಣ" ಅಂದ, ಆಮೇಲೆ ನಂಬರ್ ಬ್ಲಾಕ್. ಈಗ ಅದೇ ದಪ್ಪ ಉಂಡೆಯ ಫೋಟೋ ಹಾಕಿ ಆಫ್ರಿಕಾದ ಘೋಸ್ಟ್ ಮ್ಯಾಂಟಿಸ್ ಅಂತ ಮಾರುತ್ತಿದ್ದಾನೆ, ರೇಟೂ ಏರಿಸಿದ್ದಾನೆ.