ಇಂಜಿನ್ ಕೆಲಸ ಆದ್ಮೇಲೆ ಗಾಡಿ ನಡುಗ್ತಿದ್ರೆ ‘ಸೆಟ್ ಆಯ್ತದೆ’ ಅನ್ನೋ ಮಾತು ನಂಬಬೇಡಿ

ಹಳೇ ಟಾಟಾ 407 ಲಾರಿ ಇಟ್ಕೊಂಡು ಬಾಡಿಗೆ ಹೊಡೀತಿರೋರು ದಯವಿಟ್ಟು ಪೂರ್ತಿ ಓದಿ. ದುಡ್ಡು ಹೋಯ್ತು, ಬೆಲ್ಲದ ಸೀಸನ್ನಿನ ಬಾಡಿಗೆ ಹೋಯ್ತು, ನಾಲ್ಕು ಜನರ ಮುಂದೆ ಮರ್ಯಾದೆನೂ ಹೋಯ್ತು. ಗ್ಯಾರೇಜಿನ ಹೆಸರು ಇಲ್ಲಿ ಬರೆಯಲ್ಲ. ಆದ್ರೆ ಆ ಆಟ ಹೆಂಗೆ ಆಡ್ತಾರೆ ಅನ್ನೋದು ಎಲ್ಲರಿಗೂ ಗೊತ್ತಾಗಲಿ.

ನಂದು 2005ರ ಮಾಡೆಲ್. ಕಾಮನ್ ರೈಲ್ (ತುಂಬಾ ಜಾಸ್ತಿ ಒತ್ತಡದಲ್ಲಿ ಡೀಸೆಲ್ ಬಿಡೋ ಹೊಸ ಥರದ್ದು) ಅಲ್ಲ, ಹಳೇ ಪಂಪಿನ ಗಾಡಿ. ಪಾಂಡವಪುರದ ಕಡೆ ಆಲೆಮನೆಗಳಲ್ಲಿ ಬೆಲ್ಲ ತುಂಬ್ಕೊಂಡು ಮಂಡ್ಯ ಎಪಿಎಂಸಿಗೆ, ಆಗೊಮ್ಮೆ ಈಗೊಮ್ಮೆ ಮೈಸೂರು ಬಂಡಿಪಾಳ್ಯಕ್ಕೆ ಹೋಗ್ತೀನಿ. ಗಾಡಿ ಆಯಿಲ್ ಕುಡಿಯೋಕೆ ಶುರು ಮಾಡ್ತು, ನೀಲಿ ಹೊಗೆ ಬೇರೆ. ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಹತ್ರ ಬಂದಿತ್ತು, ಎಂಟು ವರ್ಷ ದಾಟಿದ ಗಾಡಿಗೆ ವರ್ಷಾ ವರ್ಷಾ ಎಫ್‌ಸಿ ಆಗ್ಲೇಬೇಕು. ಸರಿ ಅಂತ ಮೈಸೂರಿನ ಒಂದು ಗ್ಯಾರೇಜಲ್ಲಿ ಇಂಜಿನ್ ಬಿಚ್ಚಿಸಿದೆ. ಲೈನರ್, ಪಿಸ್ಟನ್, ರಿಂಗು, ಬೇರಿಂಗು, ವಾಲ್ವ್ ಗ್ರೈಂಡಿಂಗ್, ಜೊತೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ನಾಲ್ಕೂ ನಾಜಲ್ ಹೊಸದು. ಮಾತಾಡಿದ್ದು ಇಷ್ಟು. ಚೀಟಿಯಲ್ಲಿ ಗ್ಯಾರೇಜಿನವನ ಕೈಯಲ್ಲೇ ‘ನಾಜಲ್ 4 ಹೊಸದು’ ಅಂತ ಬರೆದು 5,600 ರೂಪಾಯಿ ಹಾಕಿದ್ದಾನೆ. ಆ ಚೀಟಿ ನೆನಪಿಟ್ಕೊಳ್ಳಿ.

ಗಾಡಿ ತರೋಕೆ ಹೋದಾಗ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ನಿಲ್ಲಿಸಿದ್ದರು. ಸೌಂಡ್ ಚೆನ್ನಾಗೇ ಇತ್ತು. ‘ರೇಸ್ ಜಾಸ್ತಿ ಅಲ್ವಾ ಇದು?’ ಅಂದೆ. ‘ಹೊಸ ಇಂಜಿನ್ ಅಣ್ಣ, ಟೈಟ್ ಇರ್ತದೆ. ಕಮ್ಮಿ ಇಟ್ರೆ ಆಫ್ ಆಯ್ತದೆ. ಸ್ವಲ್ಪ ಓಡ್ಲಿ, ಸೆಟ್ ಆಯ್ತದೆ’ ಅಂದ. ಕೆಲಸ ಆದ ಇಂಜಿನ್ ಟೈಟ್ ಇರೋದು ನಿಜಾನೇ, ಎಲ್ಲರಿಗೂ ಗೊತ್ತಿರೋದೇ. ಆ ನಿಜವನ್ನ ಮುಂದಿಟ್ಟು ತನ್ನ ಸುಳ್ಳು ಮುಚ್ಚಿದ. ಐಡಲ್ ಸ್ಕ್ರೂ (ಆಕ್ಸಿಲೇಟರ್ ಒತ್ತದಿದ್ದಾಗ ಇಂಜಿನ್ ಎಷ್ಟು ಜೋರಾಗಿ ತಿರುಗಬೇಕು ಅಂತ ಇಡೋ ಸ್ಕ್ರೂ) ತಿರುಗಿಸಿ ರೇಸ್ ಏರಿಸಿಟ್ರೆ ಮಿಸ್ಸಿಂಗ್, ಅಂದ್ರೆ ಒಂದು ಸಿಲಿಂಡರ್ ಉರಿಯದೆ ಬಿಟ್ಟುಹೋಗೋದು, ಕೇಳಿಸಲ್ಲ, ಅದಕ್ಕೇ ಹಂಗೆ ಮಾಡಿದ್ದು.

ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದ ಗಾಡಿಗೆ ಸೆಲ್ಫ್ ಹೊಡೆದ್ರೆ ಕಣ್ಣು ಉರಿಯೋ ಬಿಳಿ ಹೊಗೆ. ಗೇರ್ ರಾಡ್ ನಡುಗುತ್ತೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣಲ್ಲ. ಆಕ್ಸಿಲೇಟರ್ ಒತ್ತಿದ್ರೆ ಸರಿ, ಕಾಲು ತೆಗೆದ್ರೆ ಮತ್ತೆ ಅದೇ ಕುಲುಕಾಟ. ಫೋನ್ ಮಾಡಿದೆ. ‘ಡೀಸೆಲ್ ಪೈಪಲ್ಲಿ ಏರ್ ಹಿಡಿದಿರ್ತದೆ ಅಣ್ಣ.’ ಫಿಲ್ಟರ್ ಹತ್ರ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತಿ, ಗುಳ್ಳೆ ನಿಲ್ಲೋವರೆಗೂ ಏರ್ ತೆಗೆದೆ. ಏನೂ ಬದಲಾಗಲಿಲ್ಲ. ಮತ್ತೆ ಫೋನ್. ‘ಡೀಸೆಲ್ ಎಲ್ಲಾಕ್ಸಿದ್ರಿ?’ ಮತ್ತೆ ಫೋನ್. ‘ಇಂಜಿನ್ ಮೌಂಟಿಂಗ್ ಹೋಗಿರ್ತದೆ, ಹಳೇ ಗಾಡಿ ಅಲ್ವಾ.’ ಮೌಂಟಿಂಗ್ (ಇಂಜಿನ್ ಕೂರೋ ರಬ್ಬರ್) ಹಾಕಿಸಿದೆ, ಅದೂ ನನ್ನ ದುಡ್ಡಲ್ಲೇ! ನಡುಕ ಹಂಗೇ ಇತ್ತು.

ಎಪಿಎಂಸಿಯಲ್ಲಿ ತೂಕದ ಕಟ್ಟೆ ಮೇಲೆ ಲೋಡ್ ಸಮೇತ ಆಫ್ ಆಗಿ ನಿಂತುಬಿಡ್ತು. ಹಿಂದೆ ಸಾಲುಗಟ್ಟಿ ಗಾಡಿಗಳು, ಹಾರ್ನ್ ಮೇಲೆ ಹಾರ್ನ್. ‘ಮೊನ್ನೆ ತಾನೆ ಇಂಜಿನ್ ಮಾಡ್ಸಿದ್ರಂತೆ?’ ಅಂತ ಒಬ್ಬ ಎಲ್ಲರಿಗೂ ಕೇಳೋ ಹಂಗೆ ಕೇಳಿದ. ಆವತ್ತು ಮಂಡಿಯವರ ಮುಖ ನೋಡೋಕೆ ಆಗಲಿಲ್ಲ ನನಗೆ.

ಕೊನೆಗೆ ಮಂಡ್ಯದಲ್ಲೇ ನಾನು ಹಿಂದೆ ಪಂಪ್ ಕೆಲಸ ಮಾಡಿಸ್ತಿದ್ದ ಹಿರಿಯರ ಹತ್ರ ಹೋದೆ. ಅವರು ಮಾತಾಡಲೇ ಇಲ್ಲ. ಮೊದಲು ಐಡಲ್ ಸ್ಕ್ರೂ ಇಳಿಸಿ ಮಾಮೂಲಿ ರೇಸಿಗೆ ತಂದರು. ಆಮೇಲೆ ಇಂಜಿನ್ ಓಡ್ತಿರೋವಾಗಲೇ ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ ಸಡಿಲ ಮಾಡಿ, ಕೇಳಿ, ಮತ್ತೆ ಬಿಗಿ ಮಾಡ್ತಾ ಹೋದರು. ಒಂದನೇದು ಬಿಚ್ಚಿದಾಗ ಸೌಂಡ್ ಕುಸೀತು. ಎರಡನೇದು, ಕುಸೀತು. ಮೂರನೇದು ಬಿಚ್ಚಿದ್ರೆ ಒಂಚೂರೂ ವ್ಯತ್ಯಾಸ ಇಲ್ಲ. ಅಂದ್ರೆ ಮೂರನೇ ಸಿಲಿಂಡರ್ ಕೆಲಸವೇ ಮಾಡ್ತಿರಲಿಲ್ಲ. ಮೂರೇ ಸಿಲಿಂಡರಲ್ಲಿ ಓಡೋ ಗಾಡಿಗೆ ನಾಲ್ಕರ ದುಡ್ಡು ಕೊಟ್ಟು ಬಂದಿದ್ದೆ.

ಆ ನಾಜಲ್ ಎಳೆದು ತೆಗೆದರು. ತೂತೊಳಗೆ ಒಂದರ ಮೇಲೊಂದು ಎರಡು ತಾಮ್ರದ ವಾಷರ್! ಹಳೇ ವಾಷರ್ ಹೆಡ್ಡಲ್ಲೇ ಕಚ್ಕೊಂಡಿತ್ತು, ಅದನ್ನ ಕೀಳದೆ ಅದರ ಮೇಲೇ ಹೊಸದು ಕೂರಿಸಿದ್ದಾರೆ. ನಾಜಲ್ ಮೇಲಕ್ಕೆ ನಿಂತ್ರೆ ಡೀಸೆಲ್ ಬೀಳಬೇಕಾದ ಜಾಗಕ್ಕೆ ಬೀಳುತ್ತಾ? ಟೆಸ್ಟರಿಗೆ ಹಾಕಿ ಒತ್ತಿದರು. ಮಂಜಿನ ಹಂಗೆ ಹರಡಬೇಕಾದದ್ದು ದಾರದ ಥರ ಒಂದು ಕಡೆ ಹೊಡೀತು, ಆಮೇಲೆ ತುದಿಯಿಂದ ತೊಟ್ಟು ತೊಟ್ಟು ಸೋರಿತು.

ಹೊಸ ನಾಜಲ್ ಹಿಂಗಾ ಅಂದೆ. ಅವರು ಕ್ಯಾಪ್ ಬಿಚ್ಚಿ ನಾಜಲ್ ಒರೆಸಿ ನನ್ನ ಕೈಗೆ ಕೊಟ್ಟರು. ಅದರ ಪಕ್ಕದಲ್ಲಿ ನನ್ನ ಗಾಡಿ ನಂಬರಿನ ಕೊನೇ ಅಂಕಿಗಳು. ಹಿಂದೆ ಸರ್ವೀಸ್ ಮಾಡಿದಾಗ ಅವರೇ ಕೆತ್ತಿದ್ದು! ನಾಲ್ಕರಲ್ಲೂ ಅದೇ. ನಂದೇ ಹಳೇ ನಾಜಲ್ ಉಜ್ಜಿ, ನನಗೇ ಹೊಸದು ಅಂತ ಮಾರಿದ್ದಾನೆ. ನನ್ನದೇ ನಾಜಲ್ಲು, ನನಗೇ! ಈಗಲೂ ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು ‘ಹುಡುಗ್ರು ಮಾಡಿರ್ತಾರೆ, ನಂಗೊತ್ತಿಲ್ಲ’ ಅಂದ. ಚೀಟಿ ಬರೆದದ್ದು ಯಾರಪ್ಪ ಅಂದೆ. ಆಗ ದನಿ ಬದಲಾಯ್ತು: ‘ಹೊರಗಡೆ ಬಿಚ್ಚಿಸಿದ ಮೇಲೆ ನಮ್ದು ಜವಾಬ್ದಾರಿ ಇಲ್ಲ.’ ಅದಾದ್ಮೇಲೆ ಅಂದದ್ದು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು: ‘ಬೆಲ್ಲದ ಸೀಸನ್ನು, ನಿಮ್ಗೇನು ಕಮ್ಮಿ ಬುಡಿ ಅಣ್ಣ.’ ಆಮೇಲೆ ಫೋನ್ ಎತ್ತಲೇ ಇಲ್ಲ.

ಹೊಸ ನಾಜಲ್, ಒಂದೊಂದಕ್ಕೆ ಒಂದೇ ವಾಷರ್ ಹಾಕಿ, ಟ್ಯಾಪೆಟ್ಟೂ ಪಂಪ್ ಟೈಮಿಂಗೂ ನೋಡಿದ ಮೇಲೆ ಗಾಡಿ ತಣ್ಣಗಿರೋವಾಗಲೂ ನಡುಗದೆ ನಿಲ್ಲುತ್ತೆ. ಸೆಟ್ ಆಗೋಕೆ ಅಲ್ಲಿ ಏನೂ ಇರಲಿಲ್ಲ.

ಗ್ಯಾರೇಜಿಂದ ಗಾಡಿ ತರೋವಾಗ ತಣ್ಣಗಿರೋ ಇಂಜಿನ್ನನ್ನ ನೀವೇ ಸ್ಟಾರ್ಟ್ ಮಾಡಿ, ರೇಸ್ ಮಾಮೂಲಿಗೆ ಇಳಿಸೋಕೆ ಹೇಳಿ. ‘ಹೊಸದು ಹಾಕಿದೀವಿ’ ಅಂದ್ರೆ ಹಳೇ ಸಾಮಾನು ಕೈಗೆ ಕೊಡು ಅನ್ನಿ. ಕೊಡದಿದ್ರೆ ದುಡ್ಡು ಕೊಡಬೇಡಿ. ಪೈಪ್ ಸಡಿಲ ಮಾಡಿ ನೋಡೋದು ಹಳೇ ಪಂಪಿನ ಗಾಡಿಗೆ ಮಾತ್ರ, ಅದೂ ಗೊತ್ತಿರೋರ ಕೈಯಲ್ಲಿ. ಕಾಮನ್ ರೈಲ್ ಗಾಡಿಯಲ್ಲಿ ಮುಟ್ಟಲೇಬೇಡಿ, ಅದರ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ನಾಜಲ್ ಟೆಸ್ಟ್ ಮಾಡೋವಾಗಲೂ ತುದಿ ಮುಂದೆ ಕೈ ಇಡಬೇಡಿ.

ಹೊಟ್ಟೆಪಾಡಿಗೆ ಸ್ವಂತ ಗಾಡಿ ಓಡಿಸೋರೂ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕೆಲಸಕ್ಕೆ ಕೊಟ್ಟ ದುಡ್ಡು 5 ಲಕ್ಷದವರೆಗಿದ್ರೆ ಫೀಸ್ ಇಲ್ಲ. ನನ್ನ ಹತ್ರ ಅವನ ಕೈಬರಹದ ಚೀಟಿ ಇದೆ, ನಂಬರ್ ಕೆತ್ತಿರೋ ನಾಲ್ಕು ನಾಜಲ್ ಇದಾವೆ. ಮಂಡ್ಯದಲ್ಲೇ ದೂರು ಬರೆಸ್ತಿದ್ದೀನಿ. ಇದೇ ಥರ ಮೋಸ ಹೋದೋರು ಇನ್ನೂ ಯಾರಾದ್ರೂ ಇದ್ರೆ ಚೀಟಿ ಬಿಸಾಕಬೇಡಿ, ನೀವೂ ದೂರು ಕೊಡಿ.