ಇಲಿ ಬೋನು: ಒಂದೇ ಏಟಿಗೆ ಕೆಲಸ ಮುಗಿಸುವುದು ಯಾವುದು?

ನಮ್ಮ ಅಟ್ಟದಲ್ಲಿ ಈಗ ಇಡುವುದು ಒಂದೇ ಜಾತಿಯ ಬೋನು. ಮರದ ಹಲಗೆ, ದಪ್ಪ ಉಕ್ಕಿನ ಕಂಬಿ, ಬಿಗಿ ಸ್ಪ್ರಿಂಗ್, ದೊಡ್ಡ ಇಲಿಯ ಸೈಜು. ಪುತ್ತೂರು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ 120 ರೂಪಾಯಿ ಕೊಟ್ಟು ತಂದದ್ದು. ಏರ್‌ಗನ್, ತಂತಿಯ ಗೂಡು, ಅಂಟಿನ ಹಲಗೆ, ವಿಷದ ಬಿಲ್ಲೆ, ಆನ್‌ಲೈನಿನ ಪ್ಲಾಸ್ಟಿಕ್ ಬೋನು, ಎಲ್ಲವೂ ಈ ಮನೆಗೆ ಬಂದು ಹೋಗಿವೆ. ಇದರಷ್ಟು ಸಮಾಧಾನ ಕೊಟ್ಟದ್ದು ಬೇರೆ ಇಲ್ಲ.

ತೆಂಗಿನಕಾಯಿ, ಬಾಳೆಗೊನೆ, ಅಡಿಕೆ ಚೀಲ ಎಲ್ಲ ಅಟ್ಟದಲ್ಲೇ ಇರುವ ಮನೆ ನಮ್ಮದು. ಇಲಿಯನ್ನು ಸುಮ್ನೆ ಬಿಟ್ಟರೆ ಚೀಲವೂ ಉಳಿಯುವುದಿಲ್ಲ, ಕರೆಂಟಿನ ವಯರೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಇಲಿ ಜ್ವರದ ಹೆದರಿಕೆ ಬೇರೆ. ಹಾಗಾಗಿ ಕೊಲ್ಲಲೇಬೇಕು. ಆದರೆ ನರಳಿಸಿ ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ. ಬಿದ್ದ ಏಟಿಗೇ ಪ್ರಾಣ ಹೋಗಬೇಕು. ಕೆಳಗೆ ಬರೆದದ್ದೆಲ್ಲ ಈ ಒಂದೇ ಅಳತೆಯಲ್ಲಿ ನೋಡಿದ್ದು.

ಏರ್‌ಗನ್ ಹೆಂಡತಿಯ ತಮ್ಮನದ್ದು. "ಬೋನು ಎಂತಕ್ಕೆ ಭಾವ, ಇದನ್ನು ತಗೊಂಡು ಹೋಗಿ" ಅಂತ ಅವನೇ ಕೊಟ್ಟ. .177 ಬೋರಿನದ್ದು, ಅಂದರೆ ನಳಿಗೆಯ ತೂತಿನ ಅಗಲ .177 ಇಂಚು. 2016ರ ಆಯುಧ ನಿಯಮಗಳಂತೆ ಈ ಬೋರ್ ಮೀರದ, 20 ಜೂಲ್ ಶಕ್ತಿ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಇಲಿಗೆ ಇಷ್ಟು ಶಕ್ತಿ ಸಾಕಾ? ಹತ್ತಿರದಿಂದ ಹೊಡೆದರೆ ಧಾರಾಳ ಸಾಕು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್ ರೈಫಲ್ಲಿನ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್. ಅಲ್ಲಿನ ರೈತರು ಅದರಲ್ಲೇ ಇಲಿ, ಮೊಲ ಹೊಡೆಯುತ್ತಾರೆ.

ತೊಂದರೆ ಇರುವುದು ಗುರಿಯಲ್ಲಿ. ಇಲಿ ತಕ್ಷಣ ಸಾಯಬೇಕಾದರೆ ಗುಂಡು ಮಿದುಳಿಗೇ ತಾಗಬೇಕು. ಕಣ್ಣಿಗೂ ಕಿವಿಗೂ ನಡುವೆ ಹೆಬ್ಬೆರಳಿನ ಉಗುರಿನಷ್ಟು ಜಾಗ. ಟಾರ್ಚ್ ಬಿಟ್ಟ ಕೂಡಲೇ ಓಡುವ ಇಲಿಯ ಆ ಜಾಗಕ್ಕೆ ಗುರಿಯಿಡುವ ಕೈ ನನ್ನದಲ್ಲ. ಹೊಟ್ಟೆಗೆ ತಾಗಿದರೆ ಅದು ಗೋಡೆ ಸಂದಿಗೆ ನುಗ್ಗಿ ಅಲ್ಲೇ ಒದ್ದಾಡಿ ಸಾಯುತ್ತದೆ. ಮೇಲೆ ಹಂಚು, ಸುತ್ತ ಮುರಕಲ್ಲಿನ ಗೋಡೆ, ಗುಂಡು ಯಾವ ಕಡೆ ಪುಟಿಯುತ್ತದೋ ಗೊತ್ತಿಲ್ಲ. ತಿನ್ನುವ ವಸ್ತು ಇಡುವಲ್ಲಿ ಸೀಸದ ಗುಂಡು ಬೀಳುವುದೂ ಬೇಡ. ಬಯಲಲ್ಲಿ ಕೂತು, ಕಾದು, ಸರಿಯಾಗಿ ಹೊಡೆಯಬಲ್ಲವರಿಗೆ ಅದು ಒಳ್ಳೆಯ ಸಾಧನವೇ. ಅಟ್ಟಕ್ಕಲ್ಲ. ಇನ್ನೊಂದು ಮಾತು: ಕೈಯಲ್ಲಿ ಏರ್‌ಗನ್ ಇದೆ ಅಂತ ತೋಟದ ಮಂಗಕ್ಕೋ ನವಿಲಿಗೋ ಗುರಿಯಿಡಬೇಡಿ. ಕಾನೂನು ಬಿಡುವುದಿಲ್ಲ, ಅಷ್ಟು ಶಕ್ತಿಗೆ ಅವು ಗಾಯಗೊಂಡು ನರಳುತ್ತವೆ.

ತಂತಿಯ ಗೂಡಿನಲ್ಲಿ ಇಲಿ ಬೀಳುತ್ತದೆ, ಅದರಲ್ಲಿ ಅನುಮಾನ ಇಲ್ಲ. ಬಿದ್ದ ಮೇಲೆ ಏನು ಮಾಡುವುದು? ನಮ್ಮ ಕಡೆ ಗೂಡು ಸಮೇತ ಬಕೆಟ್ ನೀರಲ್ಲಿ ಮುಳುಗಿಸುವುದು ರೂಢಿ. ಅದನ್ನು ನಿಂತು ನೋಡಿದವರು ಮತ್ತೆ ಮಾಡಲಾರರು. ದೂರ ಬಿಟ್ಟು ಬಂದರೆ ಇನ್ನೊಬ್ಬರ ಅಟ್ಟಕ್ಕೆ ಕಳಿಸಿದಂತೆ, ಅಷ್ಟೆ.

ಅಂಟಿನ ಹಲಗೆ ಬೇಡವೇ ಬೇಡ. ಜೀವಂತ ಇಲಿ ರಾತ್ರಿಯಿಡೀ ಚರ್ಮ ಕಿತ್ತುಕೊಂಡು ಒದ್ದಾಡುತ್ತದೆ. ಹಲ್ಲಿ, ಹಕ್ಕಿಮರಿ ಕೂಡ ಅದಕ್ಕೇ ಅಂಟುತ್ತವೆ. ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಲೈಸೆನ್ಸ್ ಇಲ್ಲದೆ ಇದನ್ನು ಇಡುವುದೇ ಅಪರಾಧ. ನಮ್ಮಲ್ಲೂ ಅಂಗಡಿಯಿಂದ ಹೋಗಬೇಕಾದ ವಸ್ತು ಇದು.

ವಿಷದ ಬಿಲ್ಲೆ, ಅಂದರೆ ಬ್ರೊಮಾಡಿಯೋಲೋನ್ ಮೇಣದ ಕೇಕು, ತೆಂಗಿನ ಮರದ ಸುಳಿಗೆ ಇಡಲು ತೋಟಗಾರಿಕೆಯವರೇ ಹೇಳುತ್ತಾರೆ. ತಿಂದ ಇಲಿ ಒಳಗೊಳಗೇ ರಕ್ತ ಸೋರಿ ಕೆಲವು ದಿನಗಳ ಮೇಲೆ ಸಾಯುತ್ತದೆ. ಮಂಕಾಗಿ ತಿರುಗುವ ಆ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ವಿಷ ಅವಕ್ಕೂ ಹೋಗುತ್ತದೆ. ಇಲಿ ಹಿಡಿಯುವ ಗೂಬೆಗೇ ವಿಷ ಹಾಕುವುದು ಯಾವ ಲೆಕ್ಕ ಹೇಳಿ? ಮನೆಯೊಳಗಂತೂ ಸತ್ತ ಇಲಿ ಎಲ್ಲಿದೆ ಎಂದು ಮೂಗಿನಿಂದಲೇ ಹುಡುಕಬೇಕು.

ಇನ್ನು ಉಳಿದದ್ದು ಎರಡು ಸ್ಪ್ರಿಂಗ್ ಬೋನುಗಳು. ನಿಜವಾದ ಪೈಪೋಟಿ ಇವೆರಡರ ನಡುವೆ.

ಪ್ಲಾಸ್ಟಿಕ್ ಬೋನು ನೋಡಲು ಚಂದ. ಕಾಲಿನಲ್ಲಿ ಒತ್ತಿದರೆ ಬಾಯಿ ತೆರೆಯುತ್ತದೆ, ಬೆರಳು ಸಿಕ್ಕುವ ಭಯವಿಲ್ಲ, ತೊಳೆಯಬಹುದು, ತುಕ್ಕು ಇಲ್ಲ. ಎರಡರ ಪ್ಯಾಕೆಟ್ 350 ರೂಪಾಯಿ. ಡಬ್ಬಿಯ ಮೇಲೆ ದೊಡ್ಡ ಇಲಿಗೂ ಸಾಕು ಎಂದು ಬರೆದಿತ್ತು. ಸಾಕಾಗಲಿಲ್ಲ. ಒಂದು ರಾತ್ರಿ ಅಟ್ಟದಿಂದ ಚೀರುವ ಸದ್ದು ನಿಲ್ಲಲೇ ಇಲ್ಲ. ಹತ್ತಿ ನೋಡಿದರೆ ಬೋನು ಇಲಿಯ ಸೊಂಟ ಕಚ್ಚಿಕೊಂಡಿದೆ, ಇಲಿ ಅದನ್ನು ಎಳೆದುಕೊಂಡು ಅಡಿಕೆ ಚೀಲದ ಹಿಂದೆ ಹೋಗಿದೆ. ಉಳಿದ ಕೆಲಸ ದೊಣ್ಣೆಯಿಂದ ನಾನೇ ಮುಗಿಸಬೇಕಾಯಿತು.

ಮರುದಿನ ಎರಡೂ ಬೋನಿಗೆ ಒಂದೊಂದು ಪೆನ್ಸಿಲ್ ಕೊಟ್ಟು ನೋಡಿದೆ. ಉಕ್ಕಿನ ಕಂಬಿ ಪೆನ್ಸಿಲನ್ನು ಫಟ್ ಅಂತ ಎರಡು ತುಂಡು ಮಾಡಿತು. ಪ್ಲಾಸ್ಟಿಕ್ಕಿನದ್ದು ಹಲ್ಲಿನ ಗುರುತು ಮಾತ್ರ ಬಿಟ್ಟಿತು. 20 ಗ್ರಾಂ ತೂಗುವ ಪುಟ್ಟ ಇಲಿಗೆ ಅದು ಸಾಕು, ಅಡುಗೆಮನೆಯಲ್ಲಿ ಈಗಲೂ ಇಡುತ್ತೇನೆ. ಆದರೆ ಅಟ್ಟದ ಇಲಿ 150, 200 ಗ್ರಾಂ ತೂಗುತ್ತದೆ. ಅದರ ಕುತ್ತಿಗೆ ಮುರಿಯಬೇಕಾದರೆ ಉಕ್ಕಿನ ಕಂಬಿಯೇ ಬೇಕು.

ಇಷ್ಟು ಹೊಗಳಿದ ಉಕ್ಕಿನ ಬೋನಿಗೂ ಒಂದು ತಲೆನೋವು ಇದೆ. ಅದರ ಕೊಕ್ಕೆ, ಅಂದರೆ ತಿಂಡಿ ಸಿಕ್ಕಿಸುವ, ಇಲಿ ಎಳೆದರೆ ಬೋನನ್ನು ಸಿಡಿಸುವ ಭಾಗ. ಅಂಗಡಿಯಿಂದ ತಂದಾಗ ಅದು ತುಂಬಾ ಬಿಗಿ. ಕೊಬ್ಬರಿ ಚೂರು ಸಿಕ್ಕಿಸಿ ಇಟ್ಟರೆ ಬೆಳಿಗ್ಗೆ ಕೊಬ್ಬರಿ ಇಲ್ಲ, ಬೋನು ಇಟ್ಟ ಹಾಗೇ ಇದೆ. ಇಲಿ ನಾಜೂಕಾಗಿ ನೆಕ್ಕಿಕೊಂಡು ಹೋಗಿರುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಕೊಕ್ಕೆಗೆ ತುಕ್ಕು ಹಿಡಿಯುತ್ತದೆ, ಹಲಗೆ ನೀರು ಕುಡಿದು ಉಬ್ಬುತ್ತದೆ. ಆಷಾಢದಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೋನು ಎಲ್ಲಿ ಒಣಗಬೇಕು?

ದಾರಿ ಇದೆ. ಕಂಬಿಯನ್ನು ತಡೆದು ಹಿಡಿಯುವ ಸಪುರ ಸರಳಿನ ತುದಿ, ಅದು ಕೂರುವ ಕೊಕ್ಕೆಯ ಬಾಯಿ, ಎರಡನ್ನೂ ನಯವಾದ ಮರಳು ಕಾಗದದಿಂದ ಉಜ್ಜಬೇಕು. ತುಕ್ಕು ಹೋಗಿ ಲೋಹ ಹೊಳೆಯಬೇಕು. ಆಮೇಲೆ ಬೋನು ಹೂಡಿ ಹಿಡಿಸೂಡಿಯ ಕಡ್ಡಿಯಿಂದ ಕೊಕ್ಕೆಯನ್ನು ಮೆಲ್ಲ ಮುಟ್ಟಿ. ಮುಟ್ಟಿದ ಕೂಡಲೇ ಸಿಡಿಯಬೇಕು. ಸಿಡಿಯದಿದ್ದರೆ ಇನ್ನಷ್ಟು ಉಜ್ಜಿ. ಇಲಿ ಕೊಕ್ಕೆಯನ್ನು ತಪ್ಪು ಕೋನದಿಂದ ಎಳೆದಾಡುವಾಗ ಬೋನು ತಡವಾಗಿ ಸಿಡಿದರೆ ಏಟು ಕಾಲಿಗೋ ಮೂತಿಗೋ ಬೀಳುತ್ತದೆ. ನರಳಾಟ ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ಈ ಉಜ್ಜುವ ಕೆಲಸದಲ್ಲಿ ಮಾತ್ರ ಉದಾಸೀನ ಬೇಡ.

ಕೊಬ್ಬರಿಯನ್ನು ಕೆಂಡದಲ್ಲಿ ಸ್ವಲ್ಪ ಸುಟ್ಟರೆ ಪರಿಮಳ ದೂರ ಹೋಗುತ್ತದೆ. ದಾರದಲ್ಲಿ ಬಿಗಿಯಾಗಿ ಕಟ್ಟಿ, ಆಗ ಇಲಿ ಎಳೆಯಲೇಬೇಕು. ಇಲಿ ಹೊಸ ವಸ್ತು ಕಂಡರೆ ಹೆದರುತ್ತದೆ, ಅದಕ್ಕೆ ಕೆಲವು ರಾತ್ರಿ ಬೋನು ಹೂಡದೆ ಬರೀ ಕೊಬ್ಬರಿ ಇಡಿ. ಧೈರ್ಯವಾಗಿ ತಿನ್ನಲು ಶುರು ಮಾಡಿದ ಮೇಲೆ ಹೂಡಿ. ಇಲಿ ಗೋಡೆ ಬದಿಯಲ್ಲೇ ಓಡಾಡುವುದು. ಬೋನನ್ನು ಗೋಡೆಗೆ ಅಡ್ಡವಾಗಿ, ಕೊಕ್ಕೆ ಗೋಡೆಯ ಕಡೆಗೆ ಬರುವಂತೆ ಇಟ್ಟರೆ ತಲೆ ಸರಿಯಾದ ಜಾಗಕ್ಕೆ ಬರುತ್ತದೆ. ಗೋಡೆಯ ಉದ್ದಕ್ಕೆ ಸಮನಾಗಿ ಇಟ್ಟರೆ ಬೆನ್ನಿಗೆ ಹೊಡೆಯುತ್ತದೆ. ಹಲಗೆಗೆ ತೂತು ಮಾಡಿ ತಂತಿಯಲ್ಲಿ ಕಟ್ಟಿಡಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಹೆಗ್ಗಣಕ್ಕೆ ಈ ಬೋನು ಆಗದು, ದೊಡ್ಡ ಹೆಗ್ಗಣ 1 ಕಿಲೋ ವರೆಗೂ ಬೆಳೆಯುತ್ತದೆ. ಅದಕ್ಕೆ ನಾನು ಬಚ್ಚಲಿನ ಮೋರಿಗೆ ಜಾಲರಿ ಹಾಕಿಸಿ ಬರುವ ದಾರಿ ಮುಚ್ಚಿದೆ.

ನನಗೆ ಉಕ್ಕಿನ ಬೋನು ಹೊಂದಲು ನನ್ನ ದಿನಚರಿಯೂ ಕಾರಣ. ಹಾಲು ಕರೆಯಲು ನಸುಕಿನಲ್ಲೇ ಏಳುತ್ತೇನೆ, ಹೋಗುವಾಗ ಅಟ್ಟಕ್ಕೆ ಒಮ್ಮೆ ಟಾರ್ಚ್ ಬಿಡುತ್ತೇನೆ. ಏಟು ತಪ್ಪಿದ್ದರೆ ಇಲಿ ಹೆಚ್ಚು ಹೊತ್ತು ಕಾಯಬೇಕಾಗಿಲ್ಲ. ದಿನಾ ನೋಡಲು ಆಗದವರು ಯಾವ ಬೋನನ್ನೂ ಇಡದಿರುವುದೇ ಒಳ್ಳೆಯದು. ಖರ್ಚಿನ ಲೆಕ್ಕಕ್ಕೆ ಬಂದರೆ, ಪ್ಲಾಸ್ಟಿಕ್ಕಿನ ಒಂದು ಪ್ಯಾಕೆಟಿನ ದುಡ್ಡಿಗೆ ಹತ್ತಿಪ್ಪತ್ತು ರೂಪಾಯಿ ಸೇರಿಸಿದರೆ ಉಕ್ಕಿನದ್ದು ಮೂರು ಬರುತ್ತವೆ. ಎರಡು ಅಟ್ಟಕ್ಕೆ, ಒಂದು ಕೊಟ್ಟಿಗೆಗೆ. ಸಣ್ಣ ಮಕ್ಕಳೋ ಬೆಕ್ಕೋ ಇರುವ ಮನೆಯಾದರೆ ಮರದ ಪೆಟ್ಟಿಗೆಯೊಳಗೆ ಬೋನು ಕೂರಿಸಿ, ಇಲಿ ನುಗ್ಗುವಷ್ಟೇ ದೊಡ್ಡ ತೂತು ಕೊರೆದು, ಮುಚ್ಚಳಕ್ಕೆ ಸ್ಕ್ರೂ ಹಾಕಿ.