ನೋವಾ ಕಾರಿಗೆ ಹೆಡರ್ ಹಾಕಿ ಮೂರು ಬೇಸಿಗೆ: ಪೈಪ್ ಚೆನ್ನಾಗಿದೆ, ಪ್ಲಗ್ ವೈರ್ ಗೋಳು ಬೇರೆ

ಮೂರು ವರ್ಷದಲ್ಲಿ ನಾಲ್ಕು ಬೂಟ್ ಸುಟ್ಟಿದ್ದೇನೆ. ಕಾಲಿಗೆ ಹಾಕುವ ಬೂಟಲ್ಲ, ಸ್ಪಾರ್ಕ್ ಪ್ಲಗ್ ತಲೆ ಮೇಲೆ ಕೂರುವ ರಬ್ಬರ್ ಟೋಪಿ. ಅದರಲ್ಲಿ ಮೂರು ಒಂದೇ ಸಿಲಿಂಡರಿನವು, 7ನೇದು.

ಗಾಡಿ 1972ರ ಶೆವಿ (ಶೆವ್ರೊಲೆ) ನೋವಾ ಕಾರು, ಎಂಟು ಸಿಲಿಂಡರಿನ 350 ಸ್ಮಾಲ್ ಬ್ಲಾಕ್ ವಿ8 ಇಂಜಿನ್. ನಾನಿರುವುದು ಮಿಶಿಗನ್‌ನಲ್ಲಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಆಗ ಗಾಡಿ ಗ್ಯಾರೇಜ್ ಬಿಟ್ಟು ಕದಲುವುದಿಲ್ಲ. ಮೂರು ಬೇಸಿಗೆಯಲ್ಲಿ ಓಡಿದ್ದು ಸುಮಾರು 6,000 ಮೈಲಿ. ಇಂಜಿನ್ನಿನ ಹೊಗೆ ಹೊರಹಾಕುವ ಹಳೆಯ ಎರಕದ ಮ್ಯಾನಿಫೋಲ್ಡ್ ತೆಗೆದು 1-5/8 ಇಂಚಿನ ಹೆಡರ್ (ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಕೊಳವೆ ಇರುವ ಹೊಗೆ ಪೈಪ್) ಹಾಕಿದ್ದು ನಾನೇ. ಸದ್ದು ಸೂಪರ್, ಎಳೆತವೂ ಜಾಸ್ತಿಯಾಗಿದೆ. ಅದರ ಬಗ್ಗೆ ತಕರಾರಿಲ್ಲ.

ತಕರಾರು ಜಾಗದ್ದು. ಕಂಪನಿ ಮ್ಯಾನಿಫೋಲ್ಡ್ ಪ್ಲಗ್‌ಗಳಿಗೆ ದಾರಿ ಬಿಟ್ಟು ಎರಕ ಹೊಯ್ದದ್ದು. ಹೆಡರ್‌ನಲ್ಲಿ ಒಂದೊಂದು ಬದಿಗೆ ನಾಲ್ಕು ಕೊಳವೆ, ಒಂದೊಂದೂ ತನಗಿಷ್ಟ ಬಂದ ಕಡೆ ಬಾಗುತ್ತದೆ. ಸ್ಟೀರಿಂಗ್ ಶಾಫ್ಟಿಗೆ ತಾಗಬಾರದು ಅಂತ ಒಂದು ಕೊಳವೆಯನ್ನು ಪಕ್ಕಕ್ಕೆ ಸರಿಸಿದರೆ ಅದು ಪ್ಲಗ್ ಮೈಮೇಲೆ ಬರುತ್ತದೆ. ಡಬ್ಬದ ಮೇಲೆ 'ನೋವಾಗೆ ಸರಿಹೊಂದುತ್ತದೆ' ಅಂತ ಬರೆದಿತ್ತು. ಗಾಡಿಗೆ ಸರಿಹೊಂದಿತು ನಿಜ. ನನ್ನ 7ನೇ ಬೂಟಿಗೂ ಕೊಳವೆಗೂ ನಡುವೆ ಒಂದು ಪೆನ್ಸಿಲ್ ಕೂಡ ತೂರುತ್ತಿರಲಿಲ್ಲ.

ಮೊದಲ ಬೂಟ್ ಸುಟ್ಟದ್ದು ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಲ್ಲಿ, ಅಂದರೆ ಡೆಟ್ರಾಯಿಟ್ ಬಳಿ ವರ್ಷಕ್ಕೊಮ್ಮೆ ನಡೆಯುವ ಹಳೇ ಕಾರುಗಳ ಮೆರವಣಿಗೆಯಲ್ಲಿ. ಆಗಸ್ಟ್ ಮೂರನೇ ಶನಿವಾರ, ಬಿಸಿಲು, ಆಮೆಯಂತೆ ತೆವಳುವ ಸಾಲು. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಮಿಸ್ಸಿಂಗ್ ಹೊಡೆಯಲು ಶುರು. ಆಮೇಲೆ ವಾಸನೆ. ಕಾದ ಕಾವಲಿಗೆ ಹವಾಯಿ ಚಪ್ಪಲಿ ತಾಗಿಸಿದರೆ ಬರುತ್ತದಲ್ಲ, ಹಾಗೆ.

ಗ್ಯಾರೇಜ್ ಒಂದಕ್ಕೆ ತೋರಿಸಿದೆ. 'ಇಂಜಿನ್ ಮೌಂಟ್ ಹೋಗಿದೆ, ಇಂಜಿನ್ ಅಲ್ಲಾಡಿ ವೈರ್ ತಾಗುತ್ತಿದೆ' ಎಂದರು. ಮೌಂಟ್ ಅಂದರೆ ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಆಸರೆ. ದುಡ್ಡು ಕೊಟ್ಟು ಬದಲಾಯಿಸಿದೆ. ಮನೆಗೆ ಬಂದ ಮೇಲೆ ತಲೆಗೆ ಹೊಳೆಯಿತು: ಹೆಡರ್ ಕೂತಿರುವುದೂ ಸಿಲಿಂಡರ್ ಹೆಡ್ ಮೇಲೆ, ಪ್ಲಗ್ ಕೂತಿರುವುದೂ ಅದರ ಮೇಲೆ. ಇಂಜಿನ್ ಎಷ್ಟು ಅಲ್ಲಾಡಿದರೂ ಎರಡೂ ಒಟ್ಟಿಗೇ ಅಲ್ಲಾಡುತ್ತವೆ. ಅವುಗಳ ನಡುವಿನ ಸಂದು ಹೇಗೆ ಬದಲಾಗುತ್ತದೆ? ಮೌಂಟ್ ಸೋತರೆ ಹೆಡರ್ ಸ್ಟೀರಿಂಗ್ ಶಾಫ್ಟಿಗೆ ತಾಗಬಹುದು, ಅದು ಬೇರೆ ಮಾತು.

ಮುಂದಿನ ತಪ್ಪು ನನ್ನದೇ. ಬೂಟಿಗೆ ಹಾಕುವ ಬಿಸಿ ತಡೆಯುವ ತೋಳು ಸಿಗುತ್ತದೆ, ಗ್ಲಾಸ್ ಫೈಬರ್ ಹೆಣಿಗೆಯದು. ಎಂಟಕ್ಕೂ ಹಾಕಿದೆ. ಸಂದು ಇರುವ ಕಡೆ ಅದು ಒಳ್ಳೆಯದೇ, ಆ ಬೂಟುಗಳು ಇವತ್ತಿಗೂ ಮೆತ್ತಗಿವೆ. ಆದರೆ 7ರಲ್ಲಿ ಇದ್ದ ಕೂದಲೆಳೆ ಸಂದನ್ನೂ ತೋಳೇ ನುಂಗಿತು. ಕೊಳವೆಗೆ ಒತ್ತಿಕೊಂಡು ಕೂತು, ಎರಡೇ ತಿಂಗಳಲ್ಲಿ ತೋಳು ಕಂದುಬಣ್ಣ, ಒಳಗೆ ಬೂಟ್ ಗಟ್ಟಿ ಚಕ್ಕುಲಿ.

ಕೊನೆಗೆ ಕೆಲಸ ಮಾಡಿದ್ದು ಎರಡು ವಸ್ತು. ಒಂದು, ಗಿಡ್ಡ ಪ್ಲಗ್. ಹೆಡರ್‌ಗೆಂದೇ ಮಾರುತ್ತಾರೆ. ಮರೆ (ತಿರುಪಿನ ಸುರುಳಿ ಗೆರೆ), ಮರೆಯ ಉದ್ದ ಎಲ್ಲ ಅದೇ, ಮೇಲಿನ ಪಿಂಗಾಣಿ ಭಾಗ ಮಾತ್ರ ಗಿಡ್ಡ. ಎರಡು, ಬಗ್ಗಿಸಬಹುದಾದ ಬೂಟ್ ಇರುವ ವೈರ್ ಸೆಟ್. ಆರು ಸಿಲಿಂಡರಿಗೆ 135 ಡಿಗ್ರಿ ಸರಿಹೋಯಿತು. 5 ಮತ್ತು 7ಕ್ಕೆ ಪೂರ್ತಿ 90 ಬೇಕಾಯಿತು. ಬೂಟನ್ನು ಪ್ಲಗ್ ಮೇಲೆ ಕೂರಿಸಿ, ಸುತ್ತಲೂ ತಿರುಗಿಸುತ್ತಾ ಎಲ್ಲಿ ಹೆಚ್ಚು ಜಾಗ ಸಿಗುತ್ತದೆ ಅಂತ ಬೆರಳಲ್ಲಿ ಮುಟ್ಟಿ ನೋಡಬೇಕು. ಇಂಜಿನ್ ತಣ್ಣಗಿರುವಾಗ ಅಂತ ಬೇರೆ ಹೇಳಬೇಕಾ? ಈಗ 7ರಲ್ಲಿ ಕಿರುಬೆರಳಿನ ತುದಿ ತೂರುತ್ತದೆ. ಕೊಳವೆಯನ್ನು ಕಾಯಿಸಿ ಸುತ್ತಿಗೆಯಿಂದ ತಗ್ಗು ಮಾಡುವವರೂ ಇದ್ದಾರೆ. ನನ್ನದರ ಸೆರಾಮಿಕ್ ಲೇಪನ ಕಿತ್ತುಹೋಗುತ್ತದೆ ಅಂತ ನಾನು ಕೈ ಹಾಕಲಿಲ್ಲ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಖುಷಿಯಲ್ಲಿ ಎಡಬದಿಯ ನಾಲ್ಕೂ ವೈರನ್ನು ಜಡೆ ಹೆಣೆದ ಹಾಗೆ ಸೇರಿಸಿ ಕಟ್ಟಿದೆ. ಮತ್ತೆ ಮಿಸ್ಸಿಂಗ್, ಅದೂ ಜೋರಾಗಿ ಒತ್ತಿದಾಗ ಮಾತ್ರ. ಬೂಟ್ ಎಲ್ಲ ಹೊಸದು! ಎರಡು ವಾರ ತಲೆ ಕೆಡಿಸಿಕೊಂಡೆ. ಶೆವಿ ಸ್ಮಾಲ್ ಬ್ಲಾಕಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ, 1-8-4-3-6-5-7-2. 5 ಆದ ತಕ್ಷಣ 7, ಎರಡೂ ಅಕ್ಕಪಕ್ಕದ ಮನೆಯವು. ಅವುಗಳ ವೈರ್ ಉದ್ದಕ್ಕೂ ಅಂಟಿಕೊಂಡು ಹೋದರೆ 5ರ ಕಿಡಿ 7ರ ವೈರಿನಲ್ಲೂ ಕರೆಂಟ್ ಎಬ್ಬಿಸುತ್ತದೆ, 7 ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುತ್ತದೆ. ಎರಡನ್ನೂ ದೂರ ಮಾಡಿ, ದಾಟುವ ಕಡೆ ಅಡ್ಡಡ್ಡ ದಾಟಿಸಿದೆ. ಅವತ್ತಿನಿಂದ ಸದ್ದಿಲ್ಲ. ಈಗಲೂ ತಿಂಗಳಿಗೊಮ್ಮೆ ರಾತ್ರಿ ದೀಪ ಆರಿಸಿ, ಇಂಜಿನ್ ಓಡುತ್ತಿರುವಾಗ ವೈರ್ ಕಡೆಗೆ ತೆಳುವಾಗಿ ನೀರು ಚಿಮುಕಿಸಿ ದೂರದಿಂದ ನೋಡುತ್ತೇನೆ. ಎಲ್ಲಾದರೂ ಕಿಡಿ ಹೆಡರ್‌ಗೆ ಹಾರುತ್ತಿದ್ದರೆ ನೀಲಿಯಾಗಿ ಕಾಣುತ್ತದೆ.

ಇನ್ನು ಪ್ಲಗ್ ಬದಲಿಸುವ ಶಿಕ್ಷೆ. ಮೈಸೂರಿನಲ್ಲಿ ಅಪ್ಪ ತಮ್ಮ ಯೆಜ್ದಿಯ ಪ್ಲಗ್ಗನ್ನು ರಸ್ತೆ ಬದಿಯಲ್ಲೇ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಎರಡು ನಿಮಿಷದಲ್ಲಿ ಹಾಕಿಬಿಡುತ್ತಿದ್ದರು. ನನಗೆ 7ನೇ ಪ್ಲಗ್ ಒಂದಕ್ಕೇ ಗಾಡಿ ಎತ್ತಿ, ಕೆಳಗೆ ಮಲಗಿ ಮುಕ್ಕಾಲು ಗಂಟೆ. ಸಾಕೆಟ್ ನೇರ ಹೋಗುವುದಿಲ್ಲ. ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಹೋಸ್ ಸಿಕ್ಕಿಸಿ ಕೈಯಲ್ಲೇ ಮರೆ ಹಿಡಿಸುತ್ತೇನೆ. ಮರೆ ತಪ್ಪಿದರೆ ಹೋಸ್ ಜಾರುತ್ತದೆ, ಹೆಡ್‌ನ ಮರೆ ಹಾಳಾಗದೆ ಉಳಿಯುತ್ತದೆ. ಕೈಯಲ್ಲಿ ಬಿಗಿಯಾದ ಮೇಲೆ ಒಂದು ಚೂರು ತಿರುವು ಸಾಕು, ವಾಷರ್ ಇಲ್ಲದೆ ಓರೆ ಅಂಚಿನ ಮೇಲೆ ಕೂರುವ ಟೇಪರ್ ಸೀಟ್ ಪ್ಲಗ್ ಅಲ್ವಾ.

ಹೆಡರ್ ಬೋಲ್ಟ್‌ಗಳು ಮೊದಲ ಕೆಲವು ಸಲ ಕಾದು ತಣ್ಣಗಾದ ಮೇಲೆ ಸಡಿಲವಾದವು, ಮತ್ತೆ ಬಿಗಿ ಮಾಡಿದೆ. ಆಮೇಲೆ ತೊಂದರೆ ಕೊಟ್ಟಿಲ್ಲ.

ಹೆಡರ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ವೈರ್ ಸೆಟ್‌ಗೆ ನಾಲ್ಕೂವರೆ. ಗಿಡ್ಡ ಪ್ಲಗ್ ಬೆಲೆ ಮಾಮೂಲಿಗಿಂತ ಜಾಸ್ತಿ, ಆದರೂ ಐದು. ಹೊಸದಾಗಿ ಹಾಕಿಸುವವರು ಹೆಡರ್ ಬೋಲ್ಟ್ ಬಿಗಿ ಮಾಡುವ ಮೊದಲೇ ಎಂಟೂ ಪ್ಲಗ್, ಬೂಟ್ ಕೂರಿಸಿ ನೋಡಿ. ನಾನು ನೋಡಲಿಲ್ಲ.

ಗ್ಲೋವ್ ಬಾಕ್ಸ್‌ನಲ್ಲಿ 7ರ ಒಂದು ವೈರ್, ಆ ಹೋಸ್ ತುಂಡು ಯಾವಾಗಲೂ ಇರುತ್ತವೆ. ಈ ಬೇಸಿಗೆಯಲ್ಲಿ ಇನ್ನೂ ಮುಟ್ಟಿಲ್ಲ.